ಕಾಂಡ್ಲಾ ಗಿಡದ ಬೇರು ಮೇಲಕ್ಕೇಕೆ ನೋಡುತ್ತದೆ

ಲೋಕ ಇನ್ನೂ ಹೊಸದಾಗಿದ್ದಾಗ, ತಾನು ಎಲ್ಲಿ ನಿಲ್ಲಬೇಕು ಅನ್ನುವುದು ಸಮುದ್ರಕ್ಕೆ ಗೊತ್ತಿರಲಿಲ್ಲ. ಭರತ ಬಂದಾಗ ಹೊಳೆಯ ಬಾಯೊಳಗೆ ನುಗ್ಗುತ್ತಿತ್ತು, ಇಳಿತದಲ್ಲಿ ಹಿಂದೆ ಸರಿಯುತ್ತಿತ್ತು. ಇದು ನನ್ನ ಜಾಗ ಅಂತ ಹೊಳೆ ಹೇಳುತ್ತಿತ್ತು. ನಿನ್ನದು ಅನ್ನುವುದಕ್ಕೆ ಗುರುತು ಎಲ್ಲಿದೆ ಅಂತ ಸಮುದ್ರ ಕೇಳುತ್ತಿತ್ತು. ಇಬ್ಬರ ಜಗಳದಲ್ಲಿ ನಡುವೆ ಉಳಿದದ್ದು ಕೆಸರು. ಪೂರ್ತಿ ಉಪ್ಪೂ ಅಲ್ಲ, ಪೂರ್ತಿ ಸಿಹಿಯೂ ಅಲ್ಲ, ಯಾರಿಗೂ ಬೇಡದ ಕೆಸರು.

ಆಗ ಉಸಿರಿನ ವ್ಯವಹಾರವೆಲ್ಲ ಗಾಳಿಯ ಕೈಯಲ್ಲಿತ್ತು. ದನ, ಹಕ್ಕಿ, ಮನುಷ್ಯರು ಬಿಟ್ಟ ಉಸಿರನ್ನು ಗಾಳಿ ಒಟ್ಟುಮಾಡಿ ಗಿಡಗಳ ಬಾಗಿಲಿಗೆ ಒಯ್ಯುತ್ತಿತ್ತು. ಗಿಡಗಳು ಬಿಸಿಲಿನಲ್ಲಿ ಅದನ್ನು ತಿಂದು ಎಲೆ ಮಾಡಿಕೊಳ್ಳುತ್ತಿದ್ದವು, ಕಾಂಡ ಮಾಡಿಕೊಳ್ಳುತ್ತಿದ್ದವು. ಎಲೆ ಉದುರಿ ಕೊಳೆತಾಗ ಆ ಉಸಿರು ಮತ್ತೆ ಗಾಳಿಗೆ ಸಿಗುತ್ತಿತ್ತು. ಒಯ್ದದ್ದು ವಾಪಸು ಬರಬೇಕು, ಬಂದದ್ದು ಮತ್ತೆ ಹೋಗಬೇಕು. ಗಾಳಿಗೆ ಬೇರೆ ಶಾಸ್ತ್ರ ಗೊತ್ತಿರಲಿಲ್ಲ.

ಗಾಳಿಗೆ ಒಂದು ಅಭ್ಯಾಸವಿತ್ತು. ಮೂಟೆಯ ಮೇಲೆ ಕಾಣುವ ಕಾಳನ್ನು ಅದು ಎಂದೂ ನಂಬುತ್ತಿರಲಿಲ್ಲ. ಮೊಣಕೈವರೆಗೆ ಕೈ ಇಳಿಸಿ, ಅಡಿಯ ಕಾಳನ್ನು ಮೇಲೆ ತಂದು, ಮೂಸಿ ನೋಡುತ್ತಿತ್ತು. ವ್ಯಾಪಾರಕ್ಕೆ ಒಳ್ಳೆಯ ಅಭ್ಯಾಸವೇ. ಆದರೆ ಲೋಕದಲ್ಲಿ ಇರುವುದೆಲ್ಲ ಮೂಟೆಯಲ್ಲ.

ಹೊಳೆಯ ದಂಡೆಯಲ್ಲಿ ಮಂಕಾಳಿ ಅನ್ನುವ ಹೆಂಗಸು ಗದ್ದೆ ಮಾಡಿದ್ದಳು. ಉಪ್ಪುನೀರು ಒಳಗೆ ಬಾರದ ಹಾಗೆ ಮಣ್ಣಿನ ಕಟ್ಟು ಹಾಕಿ, ಇದ್ದ ಬೀಜವನ್ನೆಲ್ಲ ಬಿತ್ತಿದ್ದಳು. ಆ ಬೆಳೆ ಹೋದರೆ ಮನೆಯವರಿಗೆ ಉಣ್ಣಲು ಅಕ್ಕಿ ಇಲ್ಲ, ಮುಂದಿನ ಮಳೆಗೆ ಬಿತ್ತಲು ಬೀಜವೂ ಇಲ್ಲ. ಗಾಳಿಗೆ ಅವಳ ಭತ್ತವೆಂದರೆ ಬಹಳ ಮೆಚ್ಚುಗೆ. ಭತ್ತ ಮಳೆಯಲ್ಲಿ ಉಸಿರು ತೆಗೆದುಕೊಳ್ಳುತ್ತಿತ್ತು, ಕೊಯ್ಲಾದ ಮೇಲೆ ಕೊಟ್ಟುಬಿಡುತ್ತಿತ್ತು. ಅನ್ನ ಉಂಡವರು ಉಸಿರು ಬಿಡುತ್ತಿದ್ದರು, ಹುಲ್ಲು ತಿಂದ ದನ ಉಸಿರು ಬಿಡುತ್ತಿತ್ತು. ಗಾಳಿಯ ಸಾಮಾನು ಗಾಳಿಗೆ ಬರುತ್ತಿತ್ತು.

ಕಟ್ಟಿನ ಹೊರಗೆ, ಆ ಬೇಡದ ಕೆಸರಿನಲ್ಲಿ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡ ಸಾಲಾಗಿ ನಿಂತಿತ್ತು. ಅದು ಮಳೆಯಲ್ಲೂ ತೆಗೆದುಕೊಳ್ಳುತ್ತಿತ್ತು, ಬೇಸಿಗೆಯಲ್ಲೂ ತೆಗೆದುಕೊಳ್ಳುತ್ತಿತ್ತು. ವಾಪಸು ಬರುತ್ತಿದ್ದದ್ದು ಮಾತ್ರ ಅಷ್ಟಿಷ್ಟು. ಎಲೆ ಉದುರುತ್ತಿತ್ತು, ಕೆಸರಿನಲ್ಲಿ ಹೂತುಹೋಗುತ್ತಿತ್ತು, ಅಲ್ಲಿಗೆ ಮುಗಿಯಿತು.

ಗಾಳಿಗೆ ಅನುಮಾನ ಬಂತು. ಒಂದು ದಿನ ಎಲೆಗಳ ನಡುವೆ ಸುಳಿದು ಮೆಲ್ಲಗೆ ಕೇಳಿತು.

"ಕಾಂಡ್ಲಣ್ಣ, ನಾನು ತಂದುಕೊಟ್ಟದ್ದೆಲ್ಲ ಎಲ್ಲಿ?"

"ಇಟ್ಟಿದ್ದೇನೆ."

"ಎಲ್ಲಿ ಇಟ್ಟಿದ್ದೀ?"

"ಕಾಲ ಕೆಳಗೆ."

"ತೋರಿಸು, ಕಾಣುವ."

"ತೋರಿಸುವಂಥದ್ದಲ್ಲ ಮಾರಾಯ. ಮುಚ್ಚಿಟ್ಟರೆ ಮಾತ್ರ ಇರುತ್ತದೆ."

ಕಾಂಡ್ಲಾ ಇದ್ದದ್ದನ್ನೇ ಹೇಳಿತ್ತು. ಆದರೆ ತೋರಿಸುವುದಿಲ್ಲ ಅಂದ ಮೇಲೆ ಯಾವ ವ್ಯಾಪಾರಿಗೆ ಸಮಾಧಾನವಾದೀತು? ಗಾಳಿ ಊರೆಲ್ಲ ತಿರುಗಿತು. ಏಡಿಯ ಬಿಲಕ್ಕೆ ಹೋಗಿ ಹೇಳಿತು, ಕೊಕ್ಕರೆಯ ಕಿವಿಯಲ್ಲಿ ಊದಿತು. ಕೊಕ್ಕರೆ ಒಂದು ಕಾಲೆತ್ತಿ ಯೋಚಿಸಿತು. ತನಗೆ ಮೀನು ಸಿಕ್ಕರೆ ಸಾಕು ಅಂದಿತು. ಏಡಿ ಹಾಗಲ್ಲ. ಇನ್ನೊಬ್ಬರ ಮನೆಯಲ್ಲಿ ಏನಿದೆ ಅನ್ನುವುದು ತಿಳಿಯದಿದ್ದರೆ ಅದಕ್ಕೆ ತಿಂದದ್ದು ಅರಗುತ್ತಿರಲಿಲ್ಲ. ಆಗ ಏಡಿಯ ಕಣ್ಣುಗಳು ನಮ್ಮ ನಿಮ್ಮ ಹಾಗೆ ಮುಖದೊಳಗೇ ಇದ್ದವು.

ಅಷ್ಟರಲ್ಲಿ ಮಂಕಾಳಿಯ ಭತ್ತದ ಎಲೆತುದಿ ಹಳದಿಯಾಯಿತು. ಅವಳು ಕಟ್ಟಿನ ಮೇಲೆ ಕೂತು ನೋಡುತ್ತಿದ್ದಾಗ ಗಾಳಿ ಹತ್ತಿರ ಬಂತು. ನಿನ್ನ ಭತ್ತಕ್ಕೆ ಹೋಗಬೇಕಾದ ಉಸಿರನ್ನೆಲ್ಲ ಆ ಕಾಂಡ್ಲಾ ನುಂಗುತ್ತಿದೆ, ಕೆಸರಿನಲ್ಲಿ ಕೂಡಿಡುತ್ತಿದೆ ಅಂತ ಹೇಳಿತು.

ಮಂಕಾಳಿ ಹಾಗೆಲ್ಲ ನಂಬುವ ಹೆಂಗಸಲ್ಲ.

"ನನ್ನ ಗದ್ದೆಯ ಚಿಂತೆ ನಿನಗೆ ಯಾಕೆ ಬಂತು? ಇದರಲ್ಲಿ ನಿನಗೆ ಎಂತ ಲಾಭ?"

"ನನ್ನ ಸಾಮಾನು ನನಗೆ ಬಂದರೆ ಸಾಕು, ಮಂಕಾಳಕ್ಕ."

ಲಾಭವಿಲ್ಲ ಅಂದಿದ್ದರೆ ಅವಳು ಅಲ್ಲಿಂದಲೇ ಓಡಿಸುತ್ತಿದ್ದಳು. ಲಾಭವಿದೆ ಅಂತ ಬಾಯಿಬಿಟ್ಟು ಹೇಳಿದ್ದಕ್ಕೆ ನಂಬಿದಳು. ಗಾಳಿ ಬೇಕೆಂದು ಸುಳ್ಳು ಹೇಳಿರಲಿಲ್ಲ. ಭತ್ತ ಹಳದಿಯಾದದ್ದು ಕಟ್ಟಿನ ಬುಡದಲ್ಲಿ ಉಪ್ಪುನೀರು ಜಿನುಗಿದ್ದಕ್ಕೆ ಅನ್ನುವುದು ಗಾಳಿಗೂ ತಿಳಿದಿರಲಿಲ್ಲ, ಅವಳಿಗೂ ತಿಳಿದಿರಲಿಲ್ಲ.

ಮಂಕಾಳಿ ಕತ್ತಿ ತಂದು ಕಟ್ಟಿನ ಎದುರಿನ ಕಾಂಡ್ಲಾ ಗಿಡಗಳನ್ನು ಸಾಲಾಗಿ ಕಡಿದಳು. ಏಡಿ ಮುಂದೆ ನಿಂತು ಕೆಸರು ಬಗೆಯಿತು. ಮೇಲಿನ ಕೆಸರು ಬೂದಿ ಬಣ್ಣ. ಅದರ ಕೆಳಗಿನದು ಕಪ್ಪು. ಅದರ ಕೆಳಗೆ ಕಾಡಿಗೆಯ ಹಾಗೆ ಕಪ್ಪು, ಅದರೊಳಗೆ ಎಷ್ಟೋ ಕಾಲದ ಎಲೆಗಳು ಬಿದ್ದ ಹಾಗೇ ಇದ್ದವು, ನರ ಕೂಡ ಕಾಣುತ್ತಿತ್ತು.

ಗಾಳಿ ಮೊಣಕೈವರೆಗೆ ಕೈ ಇಳಿಸಿತು.

ಬುಳುಬುಳು ಅಂತ ಗುಳ್ಳೆ ಎದ್ದವು. ಕೊಳೆತ ಮೊಟ್ಟೆಯ ವಾಸನೆ ಬಂತು. ಅದರ ಹಿಂದೆಯೇ, ಅಷ್ಟು ಕಾಲ ಕೂಡಿಟ್ಟ ಉಸಿರೆಲ್ಲ ಬಿಸಿಬಿಸಿಯಾಗಿ ಹೊರಗೆ ಬಂತು. ಗಾಳಿ ಮೊದಲು ಕುಣಿದಾಡಿತು. ಮೂಟೆ ತುಂಬಿತು, ಮಡಿಲು ತುಂಬಿತು, ಇನ್ನು ಇಡಲು ಜಾಗವಿಲ್ಲ. ಉಸಿರು ನಿಲ್ಲಲಿಲ್ಲ. ಆಕಾಶ ಮುಚ್ಚಳ ಹಾಕಿದ ಪಾತ್ರೆಯಂತಾಯಿತು. ಒಳಗಿದ್ದವರೆಲ್ಲ ಬೆಂದರು. ದನಗಳು ನಾಲಿಗೆ ಹೊರಹಾಕಿದವು. ಸಮುದ್ರ ಒಲೆಯ ಮೇಲಿನ ಹಾಲಿನಂತೆ ಉಬ್ಬಿತು.

ಉಬ್ಬಿದ ಸಮುದ್ರ ಹೊಳೆಯ ಬಾಯಿಗೆ ಬಂತು. ಕಾಂಡ್ಲಾ ಇದ್ದಾಗ ಅಲೆಯ ಸೊಂಟ ಅಲ್ಲೇ ಮುರಿಯುತ್ತಿತ್ತು. ಈಗ ತಡೆಯುವವರು ಯಾರೂ ಇರಲಿಲ್ಲ. ಕಡಿದ ಜಾಗದಲ್ಲಿ ನೇರ ನುಗ್ಗಿ ಮಣ್ಣಿನ ಕಟ್ಟನ್ನು ಒಡೆದು ಗದ್ದೆಗೆ ಬಂತು. ಭತ್ತ ಕುತ್ತಿಗೆಯವರೆಗೆ ಉಪ್ಪುನೀರಿನಲ್ಲಿ ನಿಂತಿತು. ಏಡಿಗೆ ಎಷ್ಟು ಹೆದರಿಕೆಯಾಯಿತೆಂದರೆ, ಅದರ ಕಣ್ಣು ಮುಖದಿಂದ ಹೊರಗೆ ಬಂದು ಕಡ್ಡಿಯ ಮೇಲೆ ನಿಂತಿತು.

ಮಂಕಾಳಿ ಸೊಂಟಮಟ್ಟದ ನೀರಿನಲ್ಲಿ ನಡೆದು, ಕತ್ತಿಗೆ ಸಿಗದೆ ಉಳಿದಿದ್ದ ಒಂದೇ ದೊಡ್ಡ ಕಾಂಡ್ಲಾ ಗಿಡದ ಹತ್ತಿರ ಬಂದಳು.

"ಮುಚ್ಚು, ಕಾಂಡ್ಲಣ್ಣ."

"ತೆರೆದದ್ದು ನಾನಲ್ಲ."

"ನನ್ನದು ತಪ್ಪಾಯ್ತು."

"ತಪ್ಪಾಯ್ತು ಅಂದರೆ ಕೆಸರು ಮುಚ್ಚುವುದಿಲ್ಲ. ಎಂತ ಕೊಡುತ್ತೀ ಹೇಳು."

"ಉಪ್ಪು ಕುಡಿದ ಭತ್ತ ಬಿಟ್ಟು ನನ್ನ ಹತ್ತಿರ ಎಂತ ಉಂಟು?"

"ಅದೇ ಸಾಕು. ಬದುಕಿದ್ದರಲ್ಲಿ ತೆನೆ ನಿನಗೆ, ಹುಲ್ಲು ಈ ಬರಿದಾದ ಕೆಸರಿಗೆ. ಬುಡದಿಂದ ಕೊಯ್ಯಬಾರದು."

"ಈ ವರ್ಷಕ್ಕೆ ತಾನೆ?"

"ನಿನ್ನ ಮೊಮ್ಮಕ್ಕಳ ಕಾಲಕ್ಕೂ. ನಿನ್ನ ಮೇಲೆ ನನಗೆ ನಂಬಿಕೆಯಿಲ್ಲ. ಕೊಯ್ಯುವಾಗ ನೋಡುತ್ತಿರುತ್ತೇನೆ."

ಮಂಕಾಳಿ ಒಪ್ಪಿದಳು. ಒಪ್ಪದೆ ದಾರಿಯಿರಲಿಲ್ಲ.

ಕಾಂಡ್ಲಾ ತನ್ನ ಕೊಂಬೆಯ ಮೇಲೆಯೇ ಮೊಳೆತಿದ್ದ ಮಕ್ಕಳನ್ನು ಒಂದೊಂದಾಗಿ ಕೆಸರಿಗೆ ಇಳಿಸಿತು. ಮಕ್ಕಳು ಬೇರು ಬಿಟ್ಟು, ಬೇರಿಗೆ ಬೇರು ಹೆಣೆದು, ಕೆಸರನ್ನು ಮೂಟೆಯ ಬಾಯಿಯ ಹಾಗೆ ಬಿಗಿದವು. ಹೊರಗೆ ಹೋಗುವ ಉಸಿರು ನಿಂತಿತು. ಆದರೆ ಎಷ್ಟು ಬಿಗಿದವೆಂದರೆ, ಒಳಗೆ ಅವುಗಳ ಬೇರಿಗೇ ಉಸಿರು ಕಟ್ಟಿತು. ಕೆಳಗೆ ಹೋದ ಬೇರು ಅಲ್ಲಿ ನಿಲ್ಲಲಾರದೆ ತಿರುಗಿ ಕೆಸರನ್ನು ತೂತುಮಾಡಿ, ಬೆರಳಿನಂತೆ ಮೇಲೆ ಬಂತು.

ಗಾಳಿಗೆ ಕೆದಕುವ ಚಟ ಹೋಗಿರಲಿಲ್ಲ. "ಬೇರನ್ನು ಮೇಲೆ ಇಟ್ಟೆಯಲ್ಲ, ಇನ್ನು ತಲೆ ಎಲ್ಲಿ ಇಡುತ್ತೀ?" ಅಂತ ಕೇಳಿತು.

"ಉಸಿರಾಡುವುದಕ್ಕೂ ಆಯ್ತು, ನಿನ್ನ ಮೇಲೆ ಕಣ್ಣಿಡುವುದಕ್ಕೂ ಆಯ್ತು," ಅಂದಿತು ಕಾಂಡ್ಲಾ.

ಸೆಕೆ ನಿಧಾನಕ್ಕೆ ಇಳಿಯಿತು. ಗಾಳಿ ಮಡಿಲಲ್ಲಿದ್ದದ್ದನ್ನು ಹಂಚುತ್ತಾ ಹಂಚುತ್ತಾ ಬಹಳ ಕಾಲ ಅಲೆಯಿತು. ಮಂಕಾಳಿಯ ಭತ್ತ ಬಹಳಷ್ಟು ಸತ್ತಿತು. ಅಲ್ಲಲ್ಲಿ ಕೆಲವು ಬುಡ ಮಾತ್ರ ಉಪ್ಪುನೀರು ಕುಡಿದೂ ಬದುಕಿ, ಬಾಗಿದ ತೆನೆ ಬಿಟ್ಟವು. ಅವಳು ನೀರಿಗಿಳಿದು ತೆನೆಯನ್ನಷ್ಟೇ ಕೊಯ್ದಳು, ಹುಲ್ಲನ್ನು ನೀರಿನಲ್ಲೇ ಬಿಟ್ಟಳು. ಒಂದು ಕಾಳನ್ನೂ ಉಣ್ಣದೆ ಬೀಜಕ್ಕೆ ಇಟ್ಟಳು. ಆ ವರ್ಷ ಅವಳ ಮನೆಯವರು ಗೆಡ್ಡೆ, ಮೀನು ತಿಂದು ದಿನ ದೂಡಿದರು. ಉಪ್ಪಿಗೆ ಹೆದರದ ಆ ಬೀಜಕ್ಕೆ ಮುಂದಿನವರು ಕಗ್ಗ ಅಂತ ಹೆಸರಿಟ್ಟರು.

ಅದಕ್ಕೇ ಇಂದಿಗೂ ಕಗ್ಗದ ಗದ್ದೆಯಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿಗೆ ಬಿಡುತ್ತಾರೆ. ಅದಕ್ಕೇ ಏಡಿ ಬಿಲದ ಬಾಯಲ್ಲಿ ನಿಂತು, ಕಡ್ಡಿಗಣ್ಣು ತಿರುಗಿಸಿ, ಯಾರಾದರೂ ಬಂದರೆ ಒಳಗೆ ಓಡುತ್ತದೆ. ಮತ್ತೆ ಇಳಿತದ ಹೊತ್ತಿನಲ್ಲಿ ನೀನು ಹೊಳೆಯ ಬಾಯಿಗೆ ಹೋದರೆ, ಕೆಸರಿನ ತುಂಬ ಬೆರಳು ಬೆರಳು ಬೇರು ಮೇಲೆದ್ದು ನಿಂತಿರುವುದು ಕಾಣುತ್ತದೆ. ಗಾಳಿ ಅವುಗಳ ನಡುವೆ ಮೂಸುತ್ತಾ ಹೋಗುತ್ತದೆ, ಒಂದು ಬೇರೂ ತಲೆ ತಗ್ಗಿಸುವುದಿಲ್ಲ.