ಕೆತ್ತದೆ ಬಿಟ್ಟ ಗೋಡೆ

ಹೊಳೆಯ ದಂಡೆಯ ಆಶ್ರಮದಲ್ಲಿ ಕರಿಬಸಯ್ಯ ಎಂಬ ಗುರುಗಳಿದ್ದರು. ಶಿಲ್ಪಿ ಮಾನಪ್ಪ ಅವರ ಹಳೆಯ ಶಿಷ್ಯ.

ಮೂವತ್ತು ವರ್ಷ ಗುಡಿ ಕಟ್ಟಿದ ಮಾನಪ್ಪನಿಗೆ ಕಣ್ಣು ಮಂಜಾಗುತ್ತ ಬಂತು. ಮೊದಲು ಉಳಿಯ ಮೊನೆ ಕಾಣದಾಯಿತು. ವರ್ಷ ಕಳೆಯುವಷ್ಟರಲ್ಲಿ ಮಗಳ ಮುಖವೂ ಕಾಣದಾಯಿತು.

ಒಂದು ಬೆಳಗ್ಗೆ ಮಗಳ ಕೈ ಹಿಡಿದುಕೊಂಡು ಬಂದವನು ಉಳಿ, ಸುತ್ತಿಗೆಯ ಚೀಲವನ್ನು ಗುರುಗಳ ಮುಂದಿಟ್ಟ.

“ಗುಡಿ ಅಂದರೆ ನಮ್ಮ ಒಳಗಿನದೇ ನಕ್ಷೆ ಅಂತ ನೀವು ಹೇಳ್ತಿದ್ರಿ. ನನ್ನ ಗುಡಿಗೆ ಕತ್ತಲು ಕವಿಯಿತು ಗುರುಗಳೇ. ಇನ್ನು ನಾನು ಯಾರಿಗೆ ಬೇಕು?”

ಗುರುಗಳು ಎದ್ದು ನಿಂತರು.

“ಪಕ್ಕದಲ್ಲೇ ನೀನು ಕಟ್ಟಿದ ಗುಡಿ ಇದೆ. ಪ್ರತಿಷ್ಠೆಗೆ ಮೊದಲು ಒಮ್ಮೆ ನೋಡಬೇಕು. ತೋರಿಸು ಬಾ.”

“ಕಣ್ಣಿಲ್ಲದವನು ಏನು ತೋರಿಸಲಿ?”

“ಕಟ್ಟಿದವನು ನೀನಲ್ಲವೇ?”

ಮಗಳು ಮೆಟ್ಟಿಲ ಮೇಲೆ ಕುಳಿತಳು. ಇಬ್ಬರೂ ಒಳಗೆ ಹೋದರು.

ಮುಖಮಂಟಪದ ಕಂಬ ಮುಟ್ಟಿದ್ದೇ ಮಾನಪ್ಪನ ಬೆರಳುಗಳು ತಾವಾಗಿ ಓಡಾಡಿದವು. “ಇದು ಆನೆ ಸಾಲು. ಈ ಮರಿಯಾನೆಗೆ ಮೂರು ಕಲ್ಲು ಕೆಡಿಸಿದೆ ಗುರುಗಳೇ!” ಎಂದ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ನಗು ಸುಳಿಯಿತು.

ನವರಂಗ ದಾಟಿದರು. ಕಂಬಗಳು ಸರಳವಾಗುತ್ತ ಹೋದವು, ನೆಲ ತಣ್ಣಗಾಗುತ್ತ ಹೋಯಿತು. ಗರ್ಭಗುಡಿಯ ಬಾಗಿಲಲ್ಲಿ ಮಾನಪ್ಪ ತಾನಾಗಿ ಬಗ್ಗಿದ. ಕತ್ತಲಲ್ಲಿ ಹಿಂದೆ ಬಂದ ಗುರುಗಳ ಹಣೆ ಮೇಲಿನ ಕಲ್ಲಿಗೆ ಬಡಿಯಿತು.

“ಬಗ್ಗಿ ಗುರುಗಳೇ!”

“ಸ್ವಲ್ಪ ಮೊದಲು ಹೇಳಬಾರದೇನಯ್ಯ?” ಹಣೆ ಉಜ್ಜಿಕೊಳ್ಳುತ್ತ ಗುರುಗಳು ಗೋಡೆ ತಡವಿದರು. ನುಣ್ಣನೆಯ ಬರಿಗಲ್ಲು. “ಹೊರಗೆ ಅಷ್ಟು ಕೆತ್ತಿದವನು ಇಲ್ಲೇಕೆ ಸುಮ್ಮನೆ ಬಿಟ್ಟೆ?”

“ಇಲ್ಲಿ ಕೆತ್ತಬಾರದು. ಚಿಕ್ಕವನಿದ್ದಾಗ ಇಂಥ ಗೋಡೆಗೆ ಒಂದು ಬಳ್ಳಿ ಕೆತ್ತೋಕೆ ಹೋಗಿದ್ದೆ. ಅಪ್ಪ ಕೈ ಹಿಡಿದು ನಿಲ್ಲಿಸಿದರು. ‘ಇಲ್ಲಿವರೆಗೂ ಬಂದವನ ಕಣ್ಣಿಗೆ ಇನ್ನೇನು ಕೆಲಸ ಕಣೋ’ ಅಂದರು.”

“ಕಿಟಕಿಯನ್ನೂ ಇಟ್ಟಿಲ್ಲ.”

“ಗರ್ಭಗುಡಿಗೆ ಕಿಟಕಿ ಎಲ್ಲಿಯದು ಗುರುಗಳೇ? ಕತ್ತಲಿದ್ದರೇ ಅದು…”

ತಾನು ಆಡಿದ ಮಾತು ಅವನಿಗೇ ತಾಗಿತು.

ಮಾನಪ್ಪ ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ ಬಹಳ ಹೊತ್ತು ನಿಂತ. ಕಣ್ಣೀರು ಇಳಿಯಿತು. ದುಃಖದ್ದಲ್ಲ. ಬಳ್ಳಿ ಕೆತ್ತಲು ಬಿಡದ ಆ ದಿನ ಅಪ್ಪನ ಮೇಲೆ ಮುನಿಸಿಕೊಂಡು ಉಂಡಿರಲಿಲ್ಲ ಅವನು. ಈಗ ಬರಿಗಲ್ಲಿಗೆ ಹಣೆ ಹಚ್ಚಿ, “ದೊಡ್ಡ ಉಪಕಾರ ಮಾಡಿದೆ ಅಪ್ಪಾ,” ಎಂದ.

ಗುರುಗಳೂ ಕೈ ಮುಗಿದರು. “ನಲವತ್ತು ವರ್ಷ ಜನಕ್ಕೆ ಗುಡಿಯ ಅರ್ಥ ಹೇಳಿದೆ. ಈ ಗೋಡೆ ಯಾಕೆ ಬರಿದು ಅಂತ ನನಗೆ ಹೇಳಿದವನು ನೀನು.”

ಮಾನಪ್ಪ ಸಂಕೋಚದಿಂದ ಕಣ್ಣೊರೆಸಿಕೊಂಡ. “ಬಹಳ ಹೊತ್ತಾಯಿತು. ಹೊರಗೆ ಹೋಗೋಣವೇ ಗುರುಗಳೇ?”

ಗುರುಗಳು ಆಗಲೇ ನೆಲದ ಮೇಲೆ ಕುಳಿತಿದ್ದರು.

“ಈಗ ತಾನೇ ಒಳಗೆ ಬಂದಿದ್ದೀಯ ಮಾನಪ್ಪ. ಕೂತ್ಕೋ.”