ಮಗ್ಗದಿಂದ ಇಳಿದ ಮೇಲೆ ಸೇರಿದ್ದೆಲ್ಲ ಕೊಳೆ

“ಇನ್ನು ಮೇಲೆ ತೊರೆನಾಡಿನಲ್ಲಿ ಯಾರೂ ಬಟ್ಟೆ ಒಗೆಯಬೇಕಾಗಿಲ್ಲ. ನಾನೊಂದು ಮಂತ್ರ ಹೇಳಿದರೆ ಸಾಕು, ಇಡೀ ಅರಮನೆಯ ಕೊಳೆ ಕಣ್ಣು ಮಿಟುಕಿಸುವುದರೊಳಗೆ ಮಾಯ!”

ತುಂಬಿದ ಸಭೆಯಲ್ಲಿ ಹೀಗೆಂದವನು ಆಸ್ಥಾನದ ಮಾಂತ್ರಿಕ ಜ್ವಾಲಾಧರ. ಒಂಬತ್ತನೆಯ ದರ್ಜೆಯವನು. ಒಂಬತ್ತನೆಯ ದರ್ಜೆಯಾದರೂ ದಿನಕ್ಕೆ ಮೂರೇ ಮಂತ್ರ. ಮೂರು ಮುಗಿದರೆ ಚೆನ್ನಾಗಿ ಒಂದು ನಿದ್ದೆ ತೆಗೆದು ಎದ್ದ ಮೇಲೇ ನಾಲ್ಕನೆಯದು.

ತೊರೆನಾಡಿನಲ್ಲಿ ಮಂತ್ರವಿಲ್ಲದ ಕೆಲಸವೇ ಇರಲಿಲ್ಲ. ಹಿಂದೆ ರಾಕ್ಷಸರನ್ನು ಸುಟ್ಟ ಬೆಂಕಿಮಂತ್ರದಿಂದ ಈಗ ಹೆಂಗಸರು ಒಲೆ ಹಚ್ಚುತ್ತಿದ್ದರು. ಮಾಯವಾಗುವ ಮಂತ್ರ ಕಲಿತವರು ಸುಂಕದ ಕಟ್ಟೆ ಹತ್ತಿರ ಬಂದಾಗ ಮಾತ್ರ ಅದನ್ನು ಬಳಸುತ್ತಿದ್ದರು. ಮಾಂತ್ರಿಕರ ಹಾಗೆ ಕಾಣಬೇಕೆಂದು ಅರಮನೆಯವರೆಲ್ಲ ಪಂಚೆ ಬಿಸಾಕಿ, ಹೊಲಿದ ನಿಲುವಂಗಿ, ಇಜಾರ ಹಾಕಿಕೊಂಡಿದ್ದರು. ಪಂಚೆ ಉಡುವವರು ಅಂದರೆ ಹಳ್ಳಿಯವರು. ಅಂದರೆ ನಾವು.

ಜ್ವಾಲಾಧರನ ಮಾತಿಗೆ ದೊರೆ ನನ್ನಿರಾಯ ತಲೆದೂಗಿ ಅಲ್ಲೇ ಅಪ್ಪಣೆ ಬರೆಸಿಬಿಟ್ಟ. ಹೊಳೆಯ ದಂಡೆಯ ಅಗಸರ ಕಟ್ಟೆ ಇನ್ನು ಮಾಂತ್ರಿಕರ ಹೂದೋಟಕ್ಕೆ. ಇವತ್ತಿನಿಂದ ಅಗಸರಾರೂ ಅಲ್ಲಿಗೆ ಕಾಲಿಡಬಾರದು.

ಕಟ್ಟೆ ಹೋದರೆ ನಲವತ್ತು ಮನೆಗಳಿಗೆ ಅನ್ನವಿಲ್ಲ. ಆ ನಲವತ್ತರಲ್ಲಿ ಒಂದು ಮನೆ ಮಾಚನದು. ಮಾಚ ನಮ್ಮೂರಿನವನೇ. ಓದು ಬರಹ ಬರುತ್ತಿತ್ತು, ಮಾತು ಅದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಬೇರೆ ಊರಿನವರಾಗಿದ್ದರೆ ಸುದ್ದಿ ಕೇಳಿ ಅಳುತ್ತಾ ಕೂರುತ್ತಿದ್ದರು. ನಮ್ಮೂರಿನವನು ಸೀದಾ ಅರಮನೆಗೆ ನಡೆದ.

“ಯಾರಪ್ಪಾ ನೀನು?” ಎಂದ ದೊರೆ.

“ಅಗಸರ ಮಾಚ, ಬುದ್ಧಿ. ತಾವು ಊಟಕ್ಕೆ ಏನು ತಿಂದಿರಿ ಅಂತ ತಮ್ಮ ಅಂಗಿಯ ತೋಳು ನೋಡಿಯೇ ಹೇಳಬಲ್ಲೆ.”

ದೊರೆ ಸರಕ್ಕನೆ ತೋಳು ಮಡಿಸಿಕೊಂಡ.

“ನಮ್ಮ ಅನ್ನ ಕಿತ್ತುಕೊಂಡ ಮಂತ್ರವನ್ನ ಒಂದು ಸಲ ಕಣ್ಣಾರೆ ನೋಡೋಣ ಅಂತ ಬಂದೆ. ಆಮೇಲೆ ಕಟ್ಟೆ ಬಿಟ್ಟು ಹೋಗ್ತೀವಿ.”

ಜ್ವಾಲಾಧರ ನಕ್ಕ. “ನೋಡು, ಧಾರಾಳವಾಗಿ ನೋಡು. ಬೆಳಗ್ಗೆ ಒಂದು ಮಂತ್ರ ಸ್ನಾನದ ನೀರು ಕಾಯಿಸಲು ಹೋಯಿತು. ಕಾದದ್ದು ಜಾಸ್ತಿಯಾಗಿ, ಆರಿಸಲು ಇನ್ನೊಂದು ಹೋಯಿತು. ಮೂರನೆಯದು ನಿನ್ನ ಪುಣ್ಯಕ್ಕೆ ಉಳಿದಿದೆ.”

“ಒಂದು ಅನುಮಾನ ಸ್ವಾಮಿ. ಯಾವುದು ಕೊಳೆ ಅಂತ ಮಂತ್ರಕ್ಕೆ ಹೇಗೆ ಗೊತ್ತಾಗುತ್ತೆ?”

“ನಾನು ಯಾವುದನ್ನ ಹೇಳ್ತೀನೋ ಅದೇ ಕೊಳೆ.”

“ಮಣ್ಣು?”

“ಕೊಳೆ.”

“ಎಲೆಯಡಿಕೆ ಕಲೆ?”

“ಕೊಳೆ.”

“ಬೆವರು? ಸಾರಿನ ಹನಿ? ಕಾಡಿಗೆ? ದೊರೆಗಳ ತೋಳಿನ ತುಪ್ಪ?”

“ಎಷ್ಟಂತ ಹೆಸರು ಹೇಳ್ತೀಯೋ!” ಜ್ವಾಲಾಧರ ರೇಗಿದ.

“ಅದೇ ನನ್ನ ಕಷ್ಟ ಸ್ವಾಮಿ. ನಮ್ಮಲ್ಲಿ ಎಣ್ಣೆಗೆ ಚೌಳುಮಣ್ಣು, ತುಕ್ಕಿಗೆ ನಿಂಬೆಹಣ್ಣು, ಒಂದೊಂದಕ್ಕೆ ಒಂದೊಂದು. ತಾವು ಎಲ್ಲಾದರೂ ಒಂದು ಹೆಸರು ಮರೆತರೆ ಆ ಕಲೆ ಉಳಿದುಬಿಡುತ್ತಲ್ಲ? ಪಟ್ಟಿ ಬೇಕಾದರೆ ನಾನು ಬರೆದು ಕೊಡ್ತೀನಿ.”

“ನನಗೆ ಪಟ್ಟಿಯೇ? ಒಂಬತ್ತನೆಯ ದರ್ಜೆಯವನಿಗೆ ಅಗಸನ ಪಟ್ಟಿಯೇ? ಒಂದೇ ಮಾತಿನಲ್ಲಿ ಹೇಳ್ತೀನಿ ಕೇಳೋ. ಮಗ್ಗದಿಂದ ಇಳಿದ ಮೇಲೆ ಬಟ್ಟೆಗೆ ಸೇರಿದ್ದೆಲ್ಲ ಕೊಳೆ!”

“ಆಹಾ! ಮಂತ್ರಕ್ಕೂ ಹಾಗೇ ಹೇಳಿಬಿಡಿ ಸ್ವಾಮಿ,” ಎಂದು ಮಾಚ ಕೈಮುಗಿದ.

ಜ್ವಾಲಾಧರ ಕೋಲೆತ್ತಿದ. “ಈ ಅರಮನೆಯೊಳಗಿನ ಬಟ್ಟೆಗಳೇ, ಮಗ್ಗದಿಂದ ಇಳಿದ ಮೇಲೆ ನಿಮಗೆ ಸೇರಿದ್ದೆಲ್ಲ ಬಿಟ್ಟು ಹೋಗಲಿ!”

ಬಿಟ್ಟು ಹೋಯಿತು. ಮೊದಲು ಧೂಳು ಹೋಯಿತು, ತುಪ್ಪ ಹೋಯಿತು. ಸಭೆ “ಭೇಷ್!” ಅಂದಿತು. ಆಮೇಲೆ ಬಣ್ಣ ಹೋಗಿ ಎಲ್ಲರೂ ಕೊಕ್ಕರೆಗಳ ಹಾಗೆ ಬೆಳ್ಳಗಾದರು. ಭೇಷ್ ಅನ್ನುವುದೋ ಬೇಡವೋ ಎಂದು ಸಭೆ ದೊರೆಯ ಮುಖ ನೋಡಿತು. ಕೊನೆಗೆ ಹೊಲಿಗೆ ಹೋಯಿತು.

ಸಿಂಪಿಗ ಹೊಲಿಗೆ ಹಾಕುವುದು ಬಟ್ಟೆ ಮಗ್ಗದಿಂದ ಇಳಿದ ಮೇಲೇ ತಾನೇ!

ದೊರೆಯ ನಿಲುವಂಗಿಯ ತೋಳು ಒಂದು ಕಡೆ ಜಾರಿತು, ಬೆನ್ನು ಇನ್ನೊಂದು ಕಡೆ. ಮಂತ್ರಿಯ ಇಜಾರ ಎರಡು ಹೋಳು. ದಂಡನಾಯಕ ಗುರಾಣಿಯ ಹಿಂದೆ ಕುಕ್ಕರಿಸಿದ, ಯುದ್ಧದಲ್ಲೂ ಅವನು ಅಷ್ಟು ಚುರುಕಾಗಿರಲಿಲ್ಲವಂತೆ. ಜ್ವಾಲಾಧರ ಕೋಲು ಬಿಸಾಕಿ, ಉದ್ದನೆಯ ಗಡ್ಡವನ್ನು ಆದಷ್ಟು ಕೆಳಕ್ಕೆ ಎಳೆದುಕೊಂಡ. ಎಲ್ಲಿ ನೋಡಿದರೂ ಎರಡೂ ಕೈಯಲ್ಲಿ ತುಂಡು ಬಟ್ಟೆ ಅವುಚಿಕೊಂಡ ದೊಡ್ಡ ಮನುಷ್ಯರು.

ನೆಟ್ಟಗೆ ನಿಂತಿದ್ದವನು ಮಾಚನೊಬ್ಬನೇ. ಒಂದೇ ಒಂದು ಹೊಲಿಗೆಯಿಲ್ಲದ ಬಿಳಿ ಪಂಚೆ, ಹೆಗಲ ಮೇಲೆ ಬಿಳಿ ವಲ್ಲಿ.

“ಸರಿಮಾಡೋ ಇದನ್ನ!” ದೊರೆ ಕೂಗಿದ.

“ಪ್ರಭು, ಮಂತ್ರ ಮುಗಿದಿದೆ… ಒಂದು ನಿದ್ದೆ ಮಾಡಿ ಏಳಬೇಕು,” ಎಂದ ಜ್ವಾಲಾಧರ, ಗಡ್ಡ ಬಿಡದೆ.

“ಮಾಚಾ! ನೆಟ್ಟಗಿರುವ ಬಟ್ಟೆ ಎಲ್ಲಾದರೂ ಇದೆಯೇನಪ್ಪಾ?”

“ಇಲ್ಲದೇನು ಬುದ್ಧಿ? ನಿನ್ನೆ ಒಗೆದ ತಮ್ಮ ಬಟ್ಟೆಗಳೇ ಮೂರು ಮೂಟೆ ಆಗುವಷ್ಟು ಕಟ್ಟೆಯ ಹಗ್ಗದ ಮೇಲೆ ಒಣಗ್ತಾ ಇವೆ.”

“ಓಡು, ತಾ!”

“ಓಡಬಹುದು. ಆದರೆ ಅಗಸರು ಅಲ್ಲಿಗೆ ಕಾಲಿಡಬಾರದು ಅಂತ ಅಪ್ಪಣೆ ಆಗಿದೆಯಲ್ಲ.”

“ಆ ಅಪ್ಪಣೆ ರದ್ದು!”

“ಇದು ಬಾಯಿಮಾತು. ಅದು ಬರಹದಲ್ಲಿದೆ ಬುದ್ಧಿ.”

ದೊರೆ ಕರಣಿಕನನ್ನು ಹುಡುಕಿದ. “ಎಲ್ಲಿದ್ದೀಯಯ್ಯಾ? ಬರಿ!”

ಕಂಬದ ಹಿಂದಿನಿಂದ ಕರಣಿಕ ಗೋಗರೆದ, “ಬರೆಯೋಕೆ ಕೈ ಬಿಡಬೇಕಲ್ಲ ಪ್ರಭು!”

“ನನ್ನ ಕೈ ಖಾಲಿ ಇದೆ,” ಎಂದ ಮಾಚ. ಲೇಖನಿ ಎತ್ತಿಕೊಂಡು ಆರಾಮವಾಗಿ ಕೂತು ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದ: “ಅಗಸರ ಕಟ್ಟೆ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಅಗಸರದೇ. ಮಾಂತ್ರಿಕರು ಎಷ್ಟನೆಯ ದರ್ಜೆಯವರಾದರೂ ಕೊಳೆಬಟ್ಟೆ ಹೊತ್ತು ಬಂದರೆ ಮಾತ್ರ ಒಳಗೆ ಬಿಡುವುದು.”

ದೊರೆ ಒಂದು ಕೈಯಲ್ಲಿ ಮಾನ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮುದ್ರೆ ಒತ್ತಿದ. ಒತ್ತಿ, ಸಭೆಯನ್ನೊಮ್ಮೆ ನೋಡಿದ. ಗುರಾಣಿ ನೋಡಿದ, ಕಂಬ ನೋಡಿದ, ಗಡ್ಡ ನೋಡಿದ. ನಗು ಉಕ್ಕಿ ಬಂತು.

“ಭಲೇ ಮಾಚಾ! ನಿನ್ನಂಥ ಜಾಣನಿಗೆ ಬರೀ ಕಟ್ಟೆ ಸಾಲದು. ಒಂದು ಊರನ್ನೇ ಉಂಬಳಿ ಕೊಡ್ತೀನಿ, ತಗೋ!”

ಮಾಚ ಆಗಲೇ ಬಾಗಿಲ ಬಳಿ ಇದ್ದ.

“ಈಗ ಬೇಡ ಬುದ್ಧಿ, ಮೊದಲು ಬಟ್ಟೆ ತರ್ತೀನಿ. ದೊರೆಗಳು ಉಂಬಳಿ ಕೊಟ್ಟರೆ ಎರಡೂ ಕೈಯೆತ್ತಿ ಕೊಡಬೇಕು!”