ಕರಿಬಸ ಮುಯ್ಯಿ ತೀರಿಸಿದ್ದು

ದಾವಣಗೆರೆಯಲ್ಲಿ ಹಾಲವ್ವ ಅಂತ ಒಬ್ಬಾಕೆ ಇದ್ದಳು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುವ ಅಂಗಡಿ ಆಕೆಯದು. ಆಕೆಗೊಬ್ಬನೇ ಮಗ, ಕರಿಬಸ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಊರವರೆಲ್ಲ ಅವನನ್ನು ಪೆದ್ದ ಅನ್ನುತ್ತಿದ್ದರು. ಅನ್ನಲಿ ಬಿಡಿ. ನನಗಂತೂ ಅವನನ್ನು ಕಂಡರೆ ಬಲು ಅಕ್ಕರೆ, ಮೊದಲೇ ಹೇಳಿಬಿಡುತ್ತೇನೆ. ಹಾಲವ್ವನಿಗೆ ಮಾತ್ರ ಹಗಲೂ ರಾತ್ರಿ ಒಂದೇ ಚಿಂತೆ: ತಾನು ಕಣ್ಣು ಮುಚ್ಚಿದ ಮೇಲೆ ಈ ಅಂಗಡಿ ಇವನ ಕೈಯಲ್ಲಿ ಉಳಿದೀತೇ?

ಅಂಗಡಿಗೆ ಆನ್‌ಲೈನ್ ಪೇಮೆಂಟು ಬಂತು. ಗಿರಾಕಿ ಫೋನಿನಲ್ಲಿ ದುಡ್ಡು ಹಾಕಿದರೆ ಮೇಜಿನ ಮೇಲಿನ ಡಬ್ಬಿ ಇಷ್ಟು ರೂಪಾಯಿ ಬಂತು ಅಂತ ಕೂಗುತ್ತದೆ. ಹಾಲವ್ವ ಹೇಳಿದಳು, "ನೋಡಲೆ, ಡಬ್ಬಿ ಕೂಗೋ ತನಕ ಯಾರಿಗೂ ಪೊಟ್ಣ ಕೊಡಬ್ಯಾಡ."

"ಹೂಂ ಅವ್ವ."

ಆಕೆ ಈರುಳ್ಳಿ ಹೆಚ್ಚಲು ಒಳಗೆ ಹೋದಳು. ಒಬ್ಬ ಗಿರಾಕಿ ಬಂದು ನೂರರ ನೋಟು ಕೊಟ್ಟ. ಕರಿಬಸ ನೋಟನ್ನು ಡಬ್ಬಿಯ ಮುಂದೆ ಹಿಡಿದ. ಡಬ್ಬಿ ಸುಮ್ಮನಿತ್ತು. ಡಬ್ಬಿಯ ಮೇಲಿಟ್ಟ. ಸುಮ್ಮನಿತ್ತು. ಡಬ್ಬಿಯ ಕೆಳಗಿಟ್ಟ. ಆಗಲೂ ಸುಮ್ಮನಿತ್ತು. "ನಿಮ್ಮ ದುಡ್ಡು ಬಂದಿಲ್ಲ ಯಜಮಾನ್ರೆ" ಅಂತ ನೋಟನ್ನು ಅವನ ಜೇಬಿಗೇ ತುರುಕಿ ಬರಿಗೈಯಲ್ಲಿ ಕಳಿಸಿದ.

ಹಾಲವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಕೈಗೆ ದುಡ್ಡು ಬಂದ್ರೆ ಡಬ್ಬಿ ಯಾಕಲೆ ಕೂಗ್ಬೇಕು? ಇಂಥೋರು ಇಷ್ಟು ಕೊಟ್ರು ಅಂತ ನೀನೇ ಗಟ್ಟಿಯಾಗಿ ಹೇಳು."

"ಹೂಂ ಅವ್ವ."

ಮುಂದಿನ ವಾರ ಹಾಲವ್ವನ ತಂಗಿಯ ಮಗಳ ಮದುವೆ. ಮುಯ್ಯಿಯ ಕವರು ಇಸಿದುಕೊಳ್ಳಲು ಕರಿಬಸನನ್ನು ಕೂರಿಸಿದರು. ಹರಿಹರದ ಬೀಗರು, ಬಂಗಾರದ ಅಂಗಡಿ ರುದ್ರಮುನಿಯಪ್ಪನವರು, ನಗುನಗುತ್ತ ಬಂದು ಕವರು ಕೊಟ್ಟರು. ಕರಿಬಸ ಕವರು ಹರಿದು, ಎದ್ದು ನಿಂತು ಕೂಗಿದ, "ರುದ್ರಮುನಿಯಪ್ಪನೋರು ಹನ್ನೊಂದು ರೂಪಾಯಿ ಕೊಟ್ರು!"

ಚಪ್ಪರವೆಲ್ಲ ತಿರುಗಿ ನೋಡಿತು. ಬೀಗರು ಊಟವನ್ನೂ ಮಾಡದೆ ಹೊರಟುಹೋದರು. ಆಗಬೇಕಾದ್ದೇ ಆಯಿತು ಅನ್ನಿ, ಆದರೆ ಹಾಲವ್ವ ಹಾಗಂದಾಳೆಯೇ?

"ಮುಯ್ಯಿ ಅಂದ್ರೆ ಕೂಗೋದಲ್ಲ ಕಣಲೆ!" ಅಂತ ಮಗನ ಕಿವಿ ಹಿಂಡಿದಳು. "ಯಾರು ನಮಗೆ ದುಡ್ಡು ಹಾಕ್ತಾರೋ ಅವರ ಹೆಸರು ನೋಡ್ಕೊಂಡು, ಮೇಲೊಂದು ರೂಪಾಯಿ ಸೇರಿಸಿ, ಬಾಯಿ ಮುಚ್ಕೊಂಡು ಅವರಿಗೇ ವಾಪಸ್ ಹಾಕ್ಬೇಕು. ಇನ್ನೊಬ್ರ ಮುಯ್ಯಿ ನಮ್ಮನೇಲಿ ಉಳೀಬಾರದು."

"ಹೂಂ ಅವ್ವ."

ಮುನಿದ ಬೀಗರನ್ನು ಸಮಾಧಾನ ಮಾಡಲು ಹಾಲವ್ವ ಹರಿಹರಕ್ಕೆ ಹೋದಳು. ಅವತ್ತೇ ಅಂಗಡಿಗೆ ಇಸ್ತ್ರಿ ಅಂಗಿಯ ಒಬ್ಬ ಬಂದ. ವಿಲಾಸ್ ಅಂತ ಹೆಸರು ಹೇಳಿದ. "ತಮ್ಮಾ, ನಿಮ್ಮ ಅಕೌಂಟಿಗೆ ನಮ್ಮ ಕಂಪನಿ ದುಡ್ಡು ಬರುತ್ತೆ. ಎಲ್ಲಿಗೆ ಕಳಿಸಬೇಕು ಅಂತ ಸಂಜೆ ಬಂದು ಹೇಳ್ತೀನಿ. ನಿನಗೂ ಒಳ್ಳೇ ಕಮಿಷನ್ ಕೊಡ್ತೀನಿ" ಅಂದ. ಅಂಗಡಿಯ ಕ್ಯೂಆರ್ ಕೋಡಿನ ಫೋಟೋ ಹೊಡೆದುಕೊಂಡು ಹೋದ.

ಕಂಪನಿಯಂತೆ ಕಂಪನಿ! ಊರೂರಿನ ಪಾಪದವರನ್ನು ಫೋನಿನಲ್ಲಿ ಹೆದರಿಸಿ, ಅವರ ಕೈಯಿಂದಲೇ ಈ ಕೋಡಿಗೆ ಹಾಕಿಸುವ ದುಡ್ಡು ಅದು. ಅದನ್ನು ಬಜ್ಜಿ ವ್ಯಾಪಾರದ ದುಡ್ಡಿನ ಜೊತೆ ಬೆರೆಸಿ, ನ್ಯಾಯದ ಸಂಪಾದನೆ ಅನ್ನಿಸಿ ಸಾಗಿಸುವ ಹುನ್ನಾರ. ಸಿಕ್ಕಿಬಿದ್ದರೆ ವಿಲಾಸ್ ಮಾಯ, ಹಾಲವ್ವನ ಅಕೌಂಟಿಗೆ ಬೀಗ, ಹಿಂದೆಯೇ ಅಂಗಡಿಗೂ ಬೀಗ.

ಡಬ್ಬಿ ಕೂಗಿತು. ಇಪ್ಪತ್ತು ಸಾವಿರ! ಮತ್ತೆ ಕೂಗಿತು. ನಲವತ್ತು ಸಾವಿರ! ಕರಿಬಸ ರಸ್ತೆಯ ಆಚೆ ನೋಡಿದ, ಈಚೆ ನೋಡಿದ. ಗಿರಾಕಿ ಯಾರೂ ಇಲ್ಲ. ಮಂಡಕ್ಕಿ ಒಯ್ದಿಲ್ಲ, ಬಜ್ಜಿ ತಿಂದಿಲ್ಲ, ಸುಮ್ಮನೆ ದುಡ್ಡು ಹಾಕಿದ್ದಾರೆ. ಹಾಗಾದರೆ ಇದು ಮುಯ್ಯಿಯೇ! ಫೋನು ತೆಗೆದು ಹೆಸರು ನೋಡಿದ. ಮೇಲೊಂದು ರೂಪಾಯಿ ಸೇರಿಸಿದ. ಬಾಯಿ ಮುಚ್ಚಿಕೊಂಡು ವಾಪಸ್ ಹಾಕಿದ. ಡಬ್ಬಿ ಕೂಗುತ್ತಲೇ ಇತ್ತು, ಇವನು ತೀರಿಸುತ್ತಲೇ ಇದ್ದ. ಎಂಥ ಮನುಷ್ಯ ನೋಡಿ! ಅಷ್ಟು ದುಡ್ಡು ಕೈಮೇಲೆ ಹಾದುಹೋಯಿತು, ಒಂದು ರೂಪಾಯಿಯ ಮೇಲೂ ಅವನ ಕಣ್ಣು ಬೀಳಲಿಲ್ಲ.

ಸಂಜೆ ಹಾಲವ್ವ ಬರುವುದಕ್ಕೂ ವಿಲಾಸ್ ಬರುವುದಕ್ಕೂ ಸರಿಹೋಯಿತು.

"ಎಲ್ಲೋ ದುಡ್ಡು?" ಅಂದ ವಿಲಾಸ್.

"ತೀರಿಸಿಬಿಟ್ಟೆ ಸಾ. ಕೊಟ್ಟೋರಿಗೇ ಕೊಟ್ಟೆ, ಮೇಲೊಂದು ರೂಪಾಯಿ ಹಾಕಿ."

ವಿಲಾಸನ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಅಂಗಡಿಗೆ ಫೋನು ಬಂತು, ಕರಿಬಸ ಸ್ಪೀಕರ್ ಹಾಕಿದ. ಯಾವುದೋ ಊರಿನ ರಿಟೈರ್ಡ್ ಟೀಚರು, ಅಳುವ ದನಿ: "ಕಳ್ಳರು ಹೊಡೆದ ನನ್ನ ಪಿಂಚಣಿ ದುಡ್ಡು ವಾಪಸ್ ಬಂತಪ್ಪ. ನೀನು ಯಾರ ಮಗನೋ, ಚೆನ್ನಾಗಿರು."

ಕಳ್ಳರು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ವಿಲಾಸ್ ಚಪ್ಪಲಿ ಬಿಟ್ಟು ಓಡಿದ. ಅಕೌಂಟು ಹೋಯಿತು, ಅಂಗಡಿ ಹೋಯಿತು ಅಂದುಕೊಂಡು ಹಾಲವ್ವ ಮಗನ ಕೈ ಹಿಡಿದು ನೆಟ್ಟಗೆ ಪೊಲೀಸ್ ಸ್ಟೇಷನ್ನಿಗೆ ಬಂದಳು.

ಎಸ್ಸೈ ಶಶಿರೇಖಾ ಮೇಡಂ ಫೋನು ಪರೀಕ್ಷಿಸಿದರು. ಮತ್ತೊಮ್ಮೆ ಪರೀಕ್ಷಿಸಿದರು. "ಅಮ್ಮಾ, ಒಂದು ಪೈಸೆ ಉಳಿದಿಲ್ಲ. ಕಳ್ಳರ ದುಡ್ಡನ್ನ ಅದರ ಮಾಲೀಕರಿಗೇ ಮುಟ್ಟಿಸಿದ್ದಾನೆ. ನಿನ್ನ ಅಕೌಂಟಿಗೆ ಏನೂ ಆಗಲ್ಲ, ನಾನಿದೀನಿ" ಅಂದರು. ಆಮೇಲೆ ಕರಿಬಸನಿಗೆ ತಿಳಿಹೇಳಿದರು, "ಇನ್ನು ಮೇಲೆ ಯಾರೇ ಬಂದು ಅಕೌಂಟ್ ಕೇಳಲಿ, ಪೊಲೀಸ್ ಡ್ರೆಸ್ಸಲ್ಲೇ ಬರಲಿ, ನಂಬಬೇಡ. ಒಳಗೆ ಕೂರಿಸಿ, ಚಿಲಕ ಹಾಕಿ, ಸ್ಟೇಷನ್ನಿಗೆ ಫೋನ್ ಮಾಡು."

"ಹೂಂ ಮೇಡಂ."

ಹಾಲವ್ವ ದಾರಿಯುದ್ದಕ್ಕೂ ಮಗನ ತಲೆ ನೇವರಿಸಿದಳು. ಹೆತ್ತಿದ್ದಕ್ಕೂ ಸಾರ್ಥಕ ಅಂತ ಮೊದಲ ಸಲ ಅನ್ನಿಸಿತು.

ಕೆಲವು ದಿನ ಕಳೆದ ಮೇಲೆ ಶಶಿರೇಖಾ ಮೇಡಂ ತಾವೇ ಅಂಗಡಿಗೆ ಬಂದರು. "ಕರಿಬಸಪ್ಪ, ಇಲಾಖೆಯಿಂದ ನಿನಗೆ ಬಹುಮಾನ ಬಂದಿದೆ. ಅಕೌಂಟ್ ನಂಬರ್ ಹೇಳು."

ಕರಿಬಸ ಎದ್ದ. "ಒಳಗೆ ಬನ್ನಿ ಮೇಡಂ, ಕೂತ್ಕೊಳ್ಳಿ" ಅಂತ ಮಂಡಕ್ಕಿ ಚೀಲದ ಕೋಣೆಯಲ್ಲಿ ಕೂರಿಸಿ, ಹೊರಗೆ ಬಂದು ಚಿಲಕ ಹಾಕಿದ. ಸ್ಟೇಷನ್ನಿಗೆ ಫೋನು ಮಾಡಿದ. ಕಾನ್‌ಸ್ಟೇಬಲ್‌ಗಳು ಲಾಠಿ ಹಿಡಿದು ಓಡಿಬಂದು ಬಾಗಿಲು ತೆಗೆದು ಒಳಗೆ ನುಗ್ಗಿದರೆ, ಚೀಲದ ಮೇಲೆ ತಮ್ಮ ಮೇಡಮ್ಮೇ ಕೂತಿದ್ದಾರೆ!

ಹಾಲವ್ವ ಬಾಗಿಲ ಹೊರಗಿಂದಲೇ ಕೈ ಮುಗಿದಳು. ಮೇಡಮ್ಮು ಮಾತ್ರ ತಲೆಯ ಮೇಲಿನ ಮಂಡಕ್ಕಿ ಕೊಡವಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನು ಇಡೀ ಊರಿಗೆ ಹೇಳಿದ ಮಾತು ಇದು. ಕೇಳಿದವನು ಇವನೊಬ್ಬನೇ. ಅಮ್ಮಾ, ಅಂಗಡಿ ಇವನಿಗೆ ಬಿಟ್ಟು ನಿಶ್ಚಿಂತೆಯಿಂದ ಇರು." ಆಮೇಲೆ ಕರಿಬಸನ ಕಡೆ ತಿರುಗಿ, "ಈಗಲಾದರೂ ಅಕೌಂಟ್ ನಂಬರ್ ಹೇಳಪ್ಪ" ಅಂದರು.

"ಹೂಂ ಮೇಡಂ" ಅಂದ ಕರಿಬಸ. ಮತ್ತೆ ಚಿಲಕ ಹಾಕಿದ. ಈ ಸಲ ಕಾನ್‌ಸ್ಟೇಬಲ್‌ಗಳೂ ಒಳಗೇ ಇದ್ದರು.